ಗುಡುಗಿಗೆ ಬೆಚ್ಚದ ರಾಜಕುಮಾರ

"ಕೇಳಿರಪ್ಪೋ ಕೇಳಿ! ಮೂರು ವರ್ಷದ ರಾಜಕುಮಾರನಿಗೆ ಮಾತು ಬಂದಿಲ್ಲ. ದೊರೆಯ ಮೂರು ಒಗಟು ಬಿಡಿಸಿ ಕಣ್ಣೆದುರು ತೋರಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ. ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ ರಾಣಿ ಕಾಡುಪಾಲು!"

ಡಂಗುರ ಕೇಳಿ, ಬುಟ್ಟಿ ಹೆಣೆಯುತ್ತಿದ್ದ ಮೇದಾರರ ಈರಕ್ಕನ ಕೈ ನಿಂತಿತು. ಅವಳ ತಂಗಿಗೂ ಮಾತಿಲ್ಲ. ತಾಯಿಯ ಪಾಪವೆಂದು ಊರು ಆಡಿಕೊಂಡದ್ದನ್ನು ಅವಳು ಕೇಳಿ ಬೆಳೆದಿದ್ದಳು.

ಅವಳು ಅರಮನೆಗೆ ಬರುವಷ್ಟರಲ್ಲಿ, ದೆವ್ವದ ಕಾಟವೆಂದ ಮಂತ್ರವಾದಿಯ ತಲೆ ಉರುಳಿತ್ತು. ರಾಣಿಯ ಪಾಪವೆಂದು ಹೇಳಿ ಅದನ್ನು ತೋರಿಸಲಾರದ ಜೋಯಿಸನನ್ನು ಈರಕ್ಕನೆದುರೇ ಎಳೆದೊಯ್ದರು. ಅಂಗಳದಿಂದ ಅವನ ಕೂಗು ಕೇಳಿಸಿ, ತಟ್ಟನೆ ನಿಂತುಹೋಯಿತು. ಈರಕ್ಕ ದೊರೆಯ ಮುಂದೆ ಬಂದು ನಿಂತಳು.

ದೊರೆ ಕೇಳಿದ: "ಗುಡುಗಿಗೆ ಆನೆಗಳೇ ಬೆದರಿದವು, ನನ್ನ ಮಗ ಆಡುತ್ತಲೇ ಇದ್ದ. ಆ ಧೈರ್ಯ ಎಲ್ಲಿಯದು?"

ಈರಕ್ಕ ಮಗುವಿನ ಬೆನ್ನ ಹಿಂದೆ ತಾಮ್ರದ ಹಂಡೆ ಬಡಿದಳು. ಸಭೆ ಬೆಚ್ಚಿತು, ಮಗು ತಿರುಗಲಿಲ್ಲ.

"ಧೈರ್ಯವಲ್ಲ ಮಹಾಸ್ವಾಮಿ, ಕಿವಿ ಕೇಳಿಸದು."

ದೊರೆ ಎರಡನೆಯ ಒಗಟು ಒಡ್ಡಿದ: "ಕಾವಲಿದ್ದ ಮನೆಗೆ ಕಳ್ಳ ಹೊಕ್ಕ. ಯಜಮಾನಿಗೆ ಏನೂ ಆಗಲಿಲ್ಲ, ಒಳಗೆ ಮಲಗಿದ್ದವನ ಸೊತ್ತು ಹೋಯಿತು. ಕಳ್ಳ ಯಾರು?"

ಈರಕ್ಕ ರಾಣಿಯತ್ತ ತಿರುಗಿದಳು. "ತಾಯೀ, ಬಸುರಿಯಾದ ಮೊದಲ ಮೂರು ತಿಂಗಳಲ್ಲಿ ಸಣ್ಣ ಜ್ವರ ಬಂದು ಮೈಮೇಲೆ ಕೆಂಪು ದದ್ದು ಎದ್ದಿತ್ತೇ?"

ರಾಣಿ ಇಲ್ಲವೆಂದರೆ ಈರಕ್ಕನ ತಲೆ ಹೋದಂತೆಯೇ.

"ಎದ್ದಿತ್ತು," ಎಂದಳು ರಾಣಿ ಮೆಲ್ಲಗೆ. "ಮೂರೇ ದಿನ. ಆಗ ದಾಸಿಯರ ಮಕ್ಕಳಿಗೆಲ್ಲ ಎದ್ದಿತ್ತು. ಹೆದರಿ ಮುಚ್ಚಿಟ್ಟೆ."

ದಾಸಿಯರು ಹೌದೆಂದು ತಲೆಯಾಡಿಸಿದರು.

"ನಮ್ಮವ್ವನಿಗೂ ಹಾಗೇ ಆಗಿತ್ತು. ಆ ಜ್ವರವೇ ಕಳ್ಳ, ಮಹಾಸ್ವಾಮಿ. ತಾಯಿ ಗುಣವಾಗುತ್ತಾಳೆ, ಬಸುರಲ್ಲಿ ಇನ್ನೂ ರೂಪುಗೊಳ್ಳುತ್ತಿದ್ದ ಕಿವಿ ಕೆಡುತ್ತದೆ. ಇದು ಯಾರ ಪಾಪವೂ ಅಲ್ಲ."

ದೊರೆ ಮೂರನೆಯದನ್ನು ಕೇಳಿದ: "ನಾಲಿಗೆಯಿದ್ದೂ ಮಾತಿಲ್ಲದವನ ಮಾತು ಇರುವುದೆಲ್ಲಿ?"

"ಎಂಟು ದಿನ ಕೊಡಿ."

ಎಂಟು ದಿನವೂ ಕತ್ತಿ ಹಿಡಿದವನು ಬಾಗಿಲಲ್ಲೇ ಕೂತಿದ್ದ. ಈರಕ್ಕ ನೀರು ಕೊಡುವಾಗಲೆಲ್ಲ ಬೊಗಸೆಯನ್ನು ಬಾಯಿಗೆ ಒಯ್ದು ತೋರಿಸಿದಳು. ಮಗು ಲೋಟ ಎಸೆಯಿತು, ಅತ್ತಿತು, ಅವಳ ಕೈ ಕಚ್ಚಿತು. ಏಳನೆಯ ದಿನವೂ ಅಷ್ಟೇ.

ಎಂಟನೆಯ ದಿನವೇ ಹುಣ್ಣಿಮೆ; ತುಂಬಿದ ಸಭೆಯಲ್ಲಿ ಮಗು ತನ್ನಷ್ಟಕ್ಕೆ ಆಡುತ್ತಲೇ ಇತ್ತು. ಕತ್ತಿಯವನು ಎದ್ದು ನಿಂತ. ಆಗ ಮಗು ದೊರೆಯ ಮುಖ ನೋಡಿ, ಬೊಗಸೆಯನ್ನು ಬಾಯಿಗೆ ಒಯ್ದಿತು.

"ಮಾತು ಕೈಯಲ್ಲಿದೆ, ಮಹಾಸ್ವಾಮಿ," ಎಂದಳು ಈರಕ್ಕ.

ದೊರೆ ತಾನೇ ಓಡಿ ನೀರು ತಂದ. ಅವಳು ಕೇಳಿದಂತೆ ಇಂಥ ಮಕ್ಕಳಿಗೆ ಕೈಮಾತು ಕಲಿಸುವ ಮನೆ ಕಟ್ಟಿಸಿ, ಅವಳನ್ನೇ ಗುರುವಾಗಿಸಿದ. ಅವರ ತಾಯಂದಿರನ್ನು ಯಾರೂ ಹಳಿಯಕೂಡದೆಂದು ಡಂಗುರ ಹೊಡೆಸಿದ.

ಅಂದು ಸಭೆಯಲ್ಲಿ ಮಗು ಅರ್ಧ ನೀರು ಕುಡಿದು ಲೋಟವನ್ನು ರಾಣಿಯ ಮುಂದಿಟ್ಟಿತು. ಬೊಗಸೆಯನ್ನು ಬಾಯಿಗೆ ಒಯ್ದು, ಅವಳ ಮುಖವನ್ನೇ ನೋಡಿತು: ನಿನಗೂ ಬೇಕೇ?