ಮುದುಕ ಹಿಡಿದ ಸ್ವರ

ತಂಬೂರಿ ಮೀಟುತ್ತಿದ್ದ ಮಂದಾಕಿನಿ ಕೈ ನಿಲ್ಲಿಸಿ ಕೇಳಿದಳು: “ಗುರುಗಳೇ, ನೀವು ಪಾಠ ಹೇಳಿಕೊಟ್ಟ ಕೃತಿಗೆ ನನಗೆ ತೋಚಿದ್ದನ್ನೂ ಸೇರಿಸಿದ್ದೇನೆ. ಇದು ನಿಮಗೆ ಮಾಡಿದ ದ್ರೋಹವೇ?”

ಗುರುಗಳು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: “ಸೇರಿಸಿ ಆದಮೇಲೆ ಅಪ್ಪಣೆ ಕೇಳುತ್ತೀಯಲ್ಲ, ಭಲೇ. ಇರಲಿ, ಒಂದು ಕತೆ ಕೇಳು.”

ಯುರೋಪಿನ ಒಂದು ಊರು. ಅಲ್ಲಿನ ಚರ್ಚಿನಲ್ಲಿ ಒಬ್ಬ ಮುದುಕ ಗಾಯಕನಿದ್ದ. ಒಬ್ಬರಿರಲಿ, ಹತ್ತು ಜನರಿರಲಿ, ಎಲ್ಲರೂ ನಮ್ಮ ಭಜನೆಯ ಹಾಗೆ ಒಂದೇ ಧಾಟಿಯನ್ನು ಹಾಡುತ್ತಿದ್ದ ಕಾಲ ಅದು. ಮುದುಕನ ಗುರು ಸಾಯುವ ಮುನ್ನ ಒಂದು ಹಾಡು ಕಲಿಸಿ, ಇದರ ಒಂದು ಸ್ವರವನ್ನೂ ಬದಲಾಯಿಸುವುದಿಲ್ಲವೆಂದು ಮಾತು ತೆಗೆದುಕೊಂಡಿದ್ದ. ನಲವತ್ತು ವರ್ಷ ಮುದುಕ ಆ ಮಾತನ್ನು ಉಳಿಸಿಕೊಂಡಿದ್ದ.

ಒಂದು ದಿನ ಒಬ್ಬ ತರುಣ ಬಂದು ಕೇಳಿದ: “ಯಜಮಾನರೇ, ನೀವು ಹಾಡುವಾಗ ಅದರ ಮೇಲೆ ನಾನು ಇನ್ನೊಂದು ಧಾಟಿ ಹೆಣೆಯಲೇ?”

“ಹೆಣೆದುಕೋ. ನನ್ನ ಸ್ವರಗಳನ್ನು ಮಾತ್ರ ಮುಟ್ಟಬೇಡ.”

ತರುಣ ಒಪ್ಪಿದ, ಮಾತಿಗೆ ತಪ್ಪಲಿಲ್ಲ. ಆದರೆ ಮುದುಕನ ಒಂದು ಸ್ವರದ ಮೇಲೆ ಇವನು ಇಪ್ಪತ್ತು ಸ್ವರ ಹಾಡುತ್ತಿದ್ದ. ಅಷ್ಟೂ ಮುಗಿಯುವ ತನಕ ಮುದುಕ ಅದೊಂದನ್ನೇ ಹಿಡಿದು ನಿಲ್ಲಬೇಕು. ಹಾಡು ಎಷ್ಟು ನಿಧಾನವಾಯಿತೆಂದರೆ, ಕೇಳುವವರಿಗೆ ಅದು ಯಾವ ಹಾಡೆಂದೇ ತಿಳಿಯದೆ ಹೋಯಿತು. ಸ್ವರ ಒಂದೂ ಬದಲಾಗಿರಲಿಲ್ಲ, ಹಾಡು ಮಾತ್ರ ಕಾಣೆಯಾಗಿತ್ತು. ಗುರುವಿಗೆ ಕೊಟ್ಟ ಮಾತು ಉಳಿಸಲು ಹೋಗಿ ಗುರುವಿನ ಹಾಡನ್ನೇ ಕಳೆದೆನಲ್ಲ ಎಂದು ಮುದುಕ ಅತ್ತ. ಆದರೂ ದಿನಾ ಹೋಗಿ ಸ್ವರ ಹಿಡಿದು ನಿಂತ.

ನಿಜಕ್ಕೂ ಅಲ್ಲಿ ಇದೆಲ್ಲ ಆಗಲು ನೂರಾರು ವರ್ಷ ಹಿಡಿಯಿತು. ನನಗೆ ಅಷ್ಟು ಪುರುಸೊತ್ತಿಲ್ಲ, ಒಬ್ಬನ ಆಯುಷ್ಯದಲ್ಲೇ ಮುಗಿಸುತ್ತೇನೆ.

ವರ್ಷಗಳು ಕಳೆದಂತೆ ತರುಣನ ಜೊತೆ ಇನ್ನೂ ಮೂವರು ಸೇರಿ ಮುದುಕನ ಸ್ವರದ ಮೇಲೆ ಹಾಡತೊಡಗಿದರು. ಮುದುಕನಿಗೆ ಉಸಿರು ಸಾಲದಾಯಿತು. ಇನ್ನು ನನ್ನಿಂದಾಗದು ಎಂದು ಹೇಳಿ, ಹಬ್ಬದ ದಿನ ಕೇಳುವವರ ಸಾಲಿನಲ್ಲಿ ಮೊದಲ ಸಲ ಹೋಗಿ ಕುಳಿತ. ಹಾಡಲು ನಾಲ್ವರು ನಿಂತಿದ್ದರು. ತರುಣ ಶುರುಮಾಡಿದ. ಅದು ಗುರುವಿನ ಹಾಡಿನ ಮೊದಲ ಸಾಲು, ಮೊದಲಿನದೇ ನಡಿಗೆಯಲ್ಲಿ. ಸಾಲು ಮುಗಿಯುವ ಮುನ್ನ ಎರಡನೆಯವನು ಅದನ್ನೇ ಎತ್ತಿಕೊಂಡ. ಅವನ ಬೆನ್ನಿಗೆ ಮೂರನೆಯವನು, ಆಮೇಲೆ ನಾಲ್ಕನೆಯವನು. ಇಷ್ಟು ವರ್ಷ ಮುದುಕನ ಒಂದೊಂದು ಸ್ವರಕ್ಕೂ ಕಿವಿಗೊಟ್ಟು ಹಾಡಿದವರಿಗೆ ಅವನ ಹಾಡು ಬಾರದೆ ಇರುತ್ತದೆಯೇ?

ನಾಲ್ಕನೆಯವನು ಒಂದು ಕಡೆ ಸ್ವರ ಬದಲಾಯಿಸಿದ್ದ. ಅದು ಮುದುಕನಿಗೆ ಗೊತ್ತಾಯಿತು. ಅವನು ಅದನ್ನು ಯಾರಿಗೂ ಹೇಳಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿ ಎಲೆ ಬಾಯಿಗೆ ಹಾಕಿಕೊಳ್ಳದೆ ತಟ್ಟೆಯಲ್ಲಿಟ್ಟರು.

ಮಂದಾಕಿನಿ ಕೇಳಿದಳು: “ಹಾಗಾದರೆ ಮುದುಕ ಕೊಟ್ಟ ಮಾತಿಗೆ ತಪ್ಪಿದ ಹಾಗಾಯಿತೇ, ಉಳಿಸಿಕೊಂಡ ಹಾಗಾಯಿತೇ?”

ಗುರುಗಳು ಅವಳ ಕೈಯಿಂದ ತಂಬೂರಿ ತೆಗೆದುಕೊಂಡರು.

“ನೀನು ಸೇರಿಸಿದ್ದನ್ನು ಹಾಡಮ್ಮ, ಶ್ರುತಿ ಇವತ್ತು ನಾನು ಹಿಡಿಯುತ್ತೇನೆ.”