ಸರಿದೂಗಿಸಿದ ಸೀಟಿ

“ಮೇಷ್ಟ್ರೇ, ಒಬ್ಬರಿಂದ ತಪ್ಪಾಗಿ ಕಿತ್ತುಕೊಂಡದ್ದನ್ನು ಬೇರೆ ದಾರಿಯಲ್ಲಿ ಅವರಿಗೇ ಹಿಂದಿರುಗಿಸಬಹುದೇ?”

ಹೀಗೆ ಕೇಳಿದವಳು ಆ ವರ್ಷವೇ ರೆಫ್ರಿ ಪರೀಕ್ಷೆ ಪಾಸು ಮಾಡಿದ್ದ ಶಿಷ್ಯೆ. ಕೇಳಿಸಿಕೊಂಡವರು ಹೈಸ್ಕೂಲು ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಬಹಳ ಕಾಲ ಸೀಟಿ ಊದಿ, ಈಗ ಊದುವವರಿಗೆ ಕಲಿಸುತ್ತಿದ್ದ ಗುರುಗಳು. ಪಂದ್ಯಾವಳಿಯ ಎರಡನೆಯ ದಿನದ ಬೆಳಿಗ್ಗೆ. ಅಂಕಣ ಇನ್ನೂ ಖಾಲಿಯಿತ್ತು.

“ಏನಾಯಿತು ಹೇಳಮ್ಮ,” ಎಂದರು ಗುರುಗಳು.

“ನಿನ್ನೆ ಒಂದು ಶಾಲೆಯವರು ಹಾಕಿದ ಬಾಸ್ಕೆಟನ್ನು ರದ್ದು ಮಾಡಿದೆ. ಎಲ್ಲರೂ ಕೂಗಾಡಿದರು. ಸೀಟಿ ಊದುವಾಗ ನನಗೆ ಅನುಮಾನ ಇರಲಿಲ್ಲ. ಈಗ ಬಂದಿದೆ. ಇವತ್ತು ಅದೇ ಶಾಲೆಯ ಪಂದ್ಯಕ್ಕೆ ಮತ್ತೆ ನಾನೇ ರೆಫ್ರಿ. ಎಲ್ಲಾದರೂ ಒಂದು ಕಡೆ ಅವರ ಪರವಾಗಿ ಊದಿದರೆ ಸಮವಾಗುವುದಿಲ್ಲವೇ?”

ಗುರುಗಳು ಹೌದು ಎನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಬ್ಬ ರೆಫ್ರಿ ಇದ್ದ. ಶುದ್ಧ ಮನುಷ್ಯ. ಪಂದ್ಯಾವಳಿಗೆ ಹೋದ ಊರಿನಲ್ಲಿ ಯಾರ ಮನೆಗೂ ಊಟಕ್ಕೆ ಹೋಗುತ್ತಿರಲಿಲ್ಲ. ಯಾವ ಶಾಲೆಯ ಗಾಡಿಯನ್ನೂ ಹತ್ತುತ್ತಿರಲಿಲ್ಲ. ಪಂದ್ಯ ನಡೆಸುವ ಶಾಲೆಯವರು ತಂದುಕೊಟ್ಟ ಎಳನೀರನ್ನು ಸಹ ಪಂದ್ಯ ಮುಗಿಯುವವರೆಗೆ ಮುಟ್ಟುತ್ತಿರಲಿಲ್ಲ. ಅವನಿಗಿದ್ದದ್ದು ಒಂದೇ ಆಸೆ. ಎಲ್ಲರೂ ತನ್ನನ್ನು ನ್ಯಾಯವಂತ ಎನ್ನಬೇಕು. ಗೆದ್ದವರು ಅಂದರೆ ಸಾಲದು. ಸೋತವರೂ ಅನ್ನಬೇಕು. ಈ ಆಸೆಯಲ್ಲಿ ಕೆಟ್ಟದ್ದೇನಿದೆ ಎಂದು ಅವನು ಯಾವತ್ತೂ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳುವಂಥದ್ದು ಎಂದು ಅನ್ನಿಸಲೂ ಇಲ್ಲ.

ಒಂದು ವರ್ಷ ಹುಡುಗಿಯರ ಫೈನಲಿಗೆ ಅವನೇ ರೆಫ್ರಿಯಾದ. ಒಂದು ಕಡೆ ಪಟ್ಟಣದ ಶಾಲೆ. ಇನ್ನೊಂದು ಕಡೆ ಹಳ್ಳಿಯ ಶಾಲೆ.

ಹಳ್ಳಿಯ ತಂಡದಲ್ಲಿ ಆರನೇ ನಂಬರಿನ ಅಂಗಿ ತೊಟ್ಟ ಹುಡುಗಿಯೊಬ್ಬಳಿದ್ದಳು. ಹತ್ತನೇ ತರಗತಿ. ಆ ತಂಡವನ್ನು ಫೈನಲಿನವರೆಗೆ ಎಳೆದು ತಂದವಳು ಅವಳೇ. ಅವಳ ಅಕ್ಕ ಗಾರ್ಮೆಂಟ್ಸಿನಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಆ ದಿನ ಕ್ರೀಡಾ ಹಾಸ್ಟೆಲಿನ ಆಯ್ಕೆದಾರರು ಫೈನಲ್ ನೋಡಲು ಬಂದಿದ್ದರು. ಹಳ್ಳಿಯ ತಂಡದಿಂದ ಒಬ್ಬಳನ್ನು ಆರಿಸುವವರಿದ್ದರು. ಆಯ್ಕೆಯಾದವಳಿಗೆ ಊಟ, ವಸತಿ, ಕಾಲೇಜು ಎಲ್ಲವೂ ಅಲ್ಲಿಯೇ. ಮನೆಯಲ್ಲಿ ತಾಯಿ ಹೇಳಿ ಕಳಿಸಿದ್ದಳು: “ಹಾಸ್ಟೆಲ್ ಸಿಕ್ಕಿದ್ರೆ ಓದು. ಸಿಗ್ಲಿಲ್ಲ ಅಂದ್ರೆ ಪರೀಕ್ಷೆ ಮುಗಿಸ್ಕೊಂಡು ಅಕ್ಕನ ಜೊತೆ ಹೊರಡು.” ತಾಯಿ ಸಿಟ್ಟಿನಲ್ಲಿ ಹೇಳಿದ್ದಲ್ಲ. ಹೇಳಲು ಅವಳ ಬಳಿ ಬೇರೇನೂ ಇರಲಿಲ್ಲ.

ಹುಡುಗಿ ಚೆನ್ನಾಗಿ ಆಡಿದಳು. ಆದರೆ ಆತುರದವಳು. ಪಂದ್ಯ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಅವಳ ಮೇಲೆ ನಾಲ್ಕು ಫೌಲ್ ಆಗಿದ್ದವು. ನಾಲ್ಕೂ ಅವಳು ಮಾಡಿದ್ದೇ. ಐದನೆಯದಾದರೆ ಹೊರಗೆ ಕೂರಬೇಕು ಎಂಬುದು ನಿನಗೆ ಗೊತ್ತೇ ಇದೆ. ಅವಳಿಗೂ ಗೊತ್ತಿತ್ತು. ಆಮೇಲೆ ಅವಳು ಎದುರಾಳಿಯ ಹತ್ತಿರ ಹೋದಾಗಲೆಲ್ಲ ಕೈಗಳನ್ನು ನೇರವಾಗಿ ಮೇಲೆತ್ತಿ ನಿಲ್ಲುತ್ತಿದ್ದಳು, ಯಾರಿಗೂ ತಾಗದ ಹಾಗೆ.

ಹಳ್ಳಿಯವರು ಎರಡು ಅಂಕ ಮುಂದಿದ್ದರು. ಆಗ ಪಟ್ಟಣದ ಹುಡುಗಿಯೊಬ್ಬಳು ಅಂಚಿನ ಗೆರೆಯ ಪಕ್ಕದಲ್ಲಿ ಓಡಿ ಬಂದು ಚೆಂಡೆಸೆದಳು. ಚೆಂಡು ಬುಟ್ಟಿಯೊಳಗೆ ಬಿತ್ತು. ರೆಫ್ರಿ ಅದಕ್ಕೂ ಮೊದಲೇ ಸೀಟಿ ಊದಿದ್ದ. ಅವಳ ಕಾಲು ಗೆರೆಯ ಮೇಲಿತ್ತು, ಅಂದರೆ ಅಂಕಣದ ಹೊರಗೆ. ಬಾಸ್ಕೆಟ್ ಇಲ್ಲ ಎಂದ.

ಅಂಕಣದ ಸುತ್ತ ಇದ್ದವರೆಲ್ಲ ಎದ್ದು ನಿಂತರು.

“ರೆಫ್ರಿಗೆ ಒಂದು ಕನ್ನಡಕ ಕೊಡಿಸ್ರೋ!”

“ಕನ್ನಡಕ ಯಾವ ಮೂಲೆಗೆ? ಕಣ್ಣೇ ಕೊಡಿಸ್ಬೇಕು!”

ಪಟ್ಟಣದ ಶಾಲೆಯ ಪಿ.ಟಿ. ಮೇಷ್ಟ್ರು ಅಂಕ ಬರೆಯುವವರ ಮೇಜಿನ ಹತ್ತಿರ ಬಂದು ತಕರಾರು ಎತ್ತಿದರು. ಅವರು ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ಮೆಲ್ಲಗೆ ಕೇಳಿದರು, “ಸಾರ್, ಆ ಮಗು ಗೆರೆ ತುಳೀತಾ? ಎದೆ ಮುಟ್ಕೊಂಡು ಹೇಳಿ.”

“ತುಳಿದಳು,” ಎಂದ ರೆಫ್ರಿ. ತೀರ್ಪನ್ನು ಬದಲಿಸಲಿಲ್ಲ. ಆಟ ಮುಂದುವರಿಯಿತು.

ಆದರೆ ಅವನೊಳಗೆ ಆಟ ನಿಂತಿತ್ತು. ಬಿಳಿ ಶೂ, ಬಿಳಿ ಗೆರೆ. ತಾನು ಕಂಡದ್ದು ಶೂ ಗೆರೆಯ ಮೇಲಿದ್ದುದನ್ನೋ, ಗೆರೆಯ ಪಕ್ಕದಲ್ಲಿದ್ದುದನ್ನೋ? ಅಷ್ಟು ಜನ ಒಟ್ಟಿಗೆ ಸುಳ್ಳು ಹೇಳುತ್ತಾರೆಯೇ? ಆ ಮೇಷ್ಟ್ರ ಮುಖ ಸುಳ್ಳುಗಾರನ ಮುಖದಂತಿರಲಿಲ್ಲ. ಇವರಿಗೆ ನನ್ನಿಂದ ಎರಡು ಅಂಕ ಬಾಕಿಯಾಯಿತು ಎಂದು ಅವನಿಗೆ ಅನ್ನಿಸಿತು. ಒಮ್ಮೆ ಹಾಗೆ ಅನ್ನಿಸಿದ ಮೇಲೆ ಅವನ ಕಣ್ಣು ಆಟವನ್ನು ನೋಡಲಿಲ್ಲ. ಅವಕಾಶವನ್ನು ನೋಡಿತು.

ಅವಕಾಶ ಬೇಗ ಬಂತು. ಪಟ್ಟಣದ ಹುಡುಗಿ ಬುಟ್ಟಿಯ ಕಡೆಗೆ ನುಗ್ಗಿದಳು. ಆರನೇ ನಂಬರಿನವಳು ಎದುರಿಗೆ ನಿಂತಳು. ಎರಡೂ ಕೈ ಮೇಲಿದ್ದವು. ನುಗ್ಗಿದವಳು ಚೆಂಡೆಸೆಯುತ್ತ ತನ್ನಷ್ಟಕ್ಕೆ ಜಾರಿ ಬಿದ್ದಳು. ರೆಫ್ರಿ ಸೀಟಿ ಊದಿದ. ಮೇಜಿನ ಕಡೆ ತಿರುಗಿ ಬೆರಳುಗಳಲ್ಲಿ ಆರು ತೋರಿಸಿದ.

ಆ ಕಡೆಯ ಪಂದ್ಯಗಳಲ್ಲಿ ಒಂದು ಪದ್ಧತಿಯಿತ್ತು. ಫೌಲ್ ಯಾರ ಮೇಲೆ ಬೀಳುತ್ತದೋ ಅವರು ಒಂದು ಕೈ ಎತ್ತಿ ನಿಲ್ಲಬೇಕು, ಅಂಕ ಬರೆಯುವವರಿಗೆ ಕಾಣಲೆಂದು. ಹುಡುಗಿ ಒಂದು ಕೈ ಇಳಿಸಿದಳು. ಇನ್ನೊಂದು ಕೈ ಮೇಲೆಯೇ ಉಳಿಯಿತು. ಹಾಗೆಯೇ ನಡೆದು ಬಂದು ಬೆಂಚಿನ ಮೇಲೆ ಕೂತಳು.

ಕೈ ಎತ್ತಿದ್ದಾಳೆ, ಹಾಗಾದರೆ ಒಪ್ಪಿಕೊಂಡಿದ್ದಾಳೆ ಎಂದು ರೆಫ್ರಿ ಸಮಾಧಾನ ಮಾಡಿಕೊಂಡ.

ಈ ಸಲ ಯಾರೂ ತಕರಾರು ಮಾಡಲಿಲ್ಲ. ಹಳ್ಳಿಯ ತಂಡದ ಹುಡುಗಿಯರು ತಮ್ಮ ಮೇಷ್ಟ್ರ ಕಡೆ ನೋಡಿದರು. ಅವರು ಕೈ ಬೀಸಿ ಹೇಳಿದರು, “ಹೋಗ್ಲಿ ಬಿಡ್ರೇ. ಆಗ್ಲೇ ನಮಗೆ ಬಂತು, ಈಗ ಅವರಿಗೆ ಹೋಯ್ತು. ಆಡ್ರಿ, ಆಡ್ರಿ.” ಪಟ್ಟಣದ ಕಡೆಯವರು ಚಪ್ಪಾಳೆ ತಟ್ಟಿದರು. ಆ ಪಂದ್ಯಾವಳಿಯಲ್ಲಿ ಪ್ರತಿಯೊಂದು ಸೀಟಿಗೂ ಗದ್ದಲ ಆಗಿತ್ತು. ಇದೊಂದಕ್ಕೆ ಆಗಲಿಲ್ಲ.

ಆಯ್ಕೆದಾರರಲ್ಲಿ ಒಬ್ಬರು ಪಕ್ಕದವರಿಗೆ ಹೇಳಿದರು, “ಹುಡುಗಿ ಚುರುಕು. ಆದ್ರೆ ಕೈ ಹಿಡಿತದಲ್ಲಿಲ್ಲ. ನೋಡಿ, ಇಂಥ ಹೊತ್ತಲ್ಲಿ ಐದನೇದು ಮಾಡ್ಕೊಂಡ್ಳು.”

ಪಟ್ಟಣದವರು ಆ ಫೌಲಿಗೆ ಸಿಕ್ಕ ಎರಡೂ ಫ್ರೀ ಥ್ರೋ ಹಾಕಿದರು. ಸಮ ಆಯಿತು. ಹೆಚ್ಚುವರಿ ಸಮಯ ಆಡಿಸಿದರು. ಆರನೇ ನಂಬರಿನವಳ ಬದಲಿಗೆ ಇಳಿದ ಹುಡುಗಿ ಧೈರ್ಯ ಮಾಡಿ ದೂರದಿಂದ ಎಸೆದಳು. ಬಿತ್ತು. ಹಳ್ಳಿಯ ಶಾಲೆ ಗೆದ್ದಿತು. ಆಯ್ಕೆದಾರರು ಆ ಬದಲಿ ಹುಡುಗಿಯನ್ನು ಆರಿಸಿಕೊಂಡರು. ಅವಳೂ ಬಡವರ ಮನೆಯವಳೇ. ಅವಳದು ಏನೂ ತಪ್ಪಿಲ್ಲ.

ಗೆದ್ದ ಶಾಲೆಯವರು ಅನ್ಯಾಯವಾಯಿತು ಎಂದು ಅರ್ಜಿ ಕೊಡುವುದುಂಟೇ? ಎಲ್ಲರೂ ಕಪ್ಪಿನ ಸುತ್ತ ನಿಂತು ಫೋಟೋ ತೆಗೆಸಿಕೊಂಡರು. ಐದು ಫೌಲಿನ ಹುಡುಗಿಯೂ ನಿಂತಳು. ನಗು ಎಂದರು, ನಕ್ಕಳು. ಪಟ್ಟಣದ ಮೇಷ್ಟ್ರು ಬಂದು ರೆಫ್ರಿಯ ಕೈ ಕುಲುಕಿದರು. “ಸೋತ್ವಿ, ಪರವಾಗಿಲ್ಲ ಸಾರ್. ನೀವು ಇಬ್ಬರಿಗೂ ಸಮ ಮಾಡಿದ್ರಿ,” ಎಂದರು. ರೆಫ್ರಿ ಅವತ್ತು ತನ್ನ ಪಾಲಿನ ಎಳನೀರನ್ನು ತೃಪ್ತಿಯಿಂದ ಕುಡಿದ.

ಆ ಪಂದ್ಯವನ್ನು ಪಟ್ಟಣದ ಹುಡುಗಿಯೊಬ್ಬಳ ತಂದೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡಿದ್ದರು. ರದ್ದಾದ ಬಾಸ್ಕೆಟಿನ ಸಂಕಟ ಅವರಿಗೆ ಹೋಗಿರಲಿಲ್ಲ. ಅನ್ಯಾಯಕ್ಕೆ ಸಾಕ್ಷಿ ನೋಡಿ ಎಂದು ಊರಿಗೆಲ್ಲ ಕಳಿಸಿದರು. ಜನ ಒಬ್ಬರಿಂದೊಬ್ಬರಿಗೆ ಕಳಿಸುತ್ತ ಹೋದರು. ಕಳಿಸಿದವರು ಯಾರೂ ಸರಿಯಾಗಿ ನೋಡಲಿಲ್ಲ. ಹಾಗೆ ಕೈಯಿಂದ ಕೈಗೆ ದಾಟಿ, ಮಳೆಗಾಲದ ಹೊತ್ತಿಗೆ ಅದು ರೆಫ್ರಿಯ ಮೊಬೈಲಿಗೂ ಬಂತು.

ಅವನು ನೋಡಿದ. ಪಟ್ಟಣದ ಹುಡುಗಿಯ ಶೂ ಗೆರೆಯ ಮೇಲೆ ಪೂರ್ತಿ ಇತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಅವನಿಗೆ ಸಂತೋಷ ತಡೆಯಲಾಗಲಿಲ್ಲ. ಹೆಂಡತಿಯನ್ನು ಕರೆದು ತೋರಿಸಿದ. “ನೋಡೇ, ಅವತ್ತು ಅಷ್ಟು ಬೈದರಲ್ಲ, ನಾನು ಹೇಳಿದ್ದೇ ಸರಿ.”

ಹೆಂಡತಿಗೆ ಆಟದ ಗಂಧಗಾಳಿ ಗೊತ್ತಿರಲಿಲ್ಲ. ಮೊಬೈಲು ಅವಳ ಕೈಯಲ್ಲಿತ್ತು. ಚಿತ್ರ ಮುಂದೆ ಓಡಿತು. ಅವಳು ನೋಡುತ್ತ ನೋಡುತ್ತ ಕೇಳಿದಳು, “ಅಲ್ಲಾ ರೀ, ಈ ಹುಡುಗಿ ಆ ಹುಡುಗಿನ ಮುಟ್ಟೇ ಇಲ್ಲವಲ್ಲ. ಯಾಕೆ ಕೈ ಎತ್ತಿದ್ಳು?”

ಇಲ್ಲಿ ಗುರುಗಳು ಸ್ವಲ್ಪ ನಿಲ್ಲಿಸಿದರು. ಶಿಷ್ಯೆಗೆ ತಡೆಯಲಾಗಲಿಲ್ಲ.

“ಮೇಷ್ಟ್ರೇ, ಮೊದಲಿನ ತೀರ್ಪು ಸರಿಯೇ ಇದ್ದರೆ, ಅವನು ಸರಿದೂಗಿಸಿದ್ದು ಏನನ್ನು?”

“ಕೂಗನ್ನು,” ಎಂದರು ಗುರುಗಳು. ಕತೆಯನ್ನು ಮುಂದುವರಿಸಿದರು.

ರೆಫ್ರಿ ಮರುದಿನವೇ ಹಳ್ಳಿಯ ಶಾಲೆಗೆ ಹೋದ. ಹೆಡ್ ಮೇಡಂ ಕುರ್ಚಿ ಕೊಟ್ಟು, ಟೀ ತರಿಸಿ, ಗಾಜಿನ ಬೀರುವಿನಲ್ಲಿದ್ದ ಕಪ್ಪನ್ನು ತೋರಿಸಿದರು. ಅವನು ಆರನೇ ನಂಬರಿನ ಹುಡುಗಿ ಎಲ್ಲಿ ಎಂದು ಕೇಳಿದ. ಅವಳ ಹೆಸರು ಅವನಿಗೆ ಗೊತ್ತಿರಲಿಲ್ಲ.

“ಆರನೇ ನಂಬರಾ? ಆ ಅಂಗಿ ಈಗ ಎಂಟನೇ ಕ್ಲಾಸಿನವಳು ಹಾಕ್ಕೋತಾಳೆ ಸಾರ್. ಓ, ಹೋದ ವರ್ಷದವಳಾ? ನಾಗವೇಣಿ. ಅವಳು ಗಾರ್ಮೆಂಟ್ಸಿಗೆ ಸೇರ್ಕೊಂಡ್ಳು. ಪಾಪ, ಚೆನ್ನಾಗಿ ಆಡ್ತಿದ್ಳು. ಆದ್ರೆ ಕೊನೇಲಿ ದುಡುಕಿಬಿಟ್ಳು ನೋಡಿ.”

ರೆಫ್ರಿ ಟೀ ಲೋಟವನ್ನು ಕೆಳಗಿಟ್ಟ. ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ಸಂಜೆಯವರೆಗೆ ಕಾದ. ಹುಡುಗಿಯರು ಗುಂಪುಗುಂಪಾಗಿ ಹೊರಗೆ ಬಂದರು. ಅವರ ತಲೆಗೂದಲಿಗೆ ದಾರದ ಚೂರುಗಳು ಅಂಟಿಕೊಂಡಿದ್ದವು. ಅವನು ಅವಳನ್ನು ಗುರುತು ಹಿಡಿಯಲಿಲ್ಲ. ಅವಳೇ ಅವನನ್ನು ಗುರುತಿಸಿ ನಿಂತಳು.

“ಯಾರೇ ಅದು? ಹುಡುಗನ ಕಡೆಯವರಾ?” ಎಂದು ಜೊತೆಯವಳೊಬ್ಬಳು ಮೊಣಕೈಯಿಂದ ತಿವಿದಳು.

“ಥೂ, ಸುಮ್ನಿರೇ. ರೆಫ್ರಿ ಸಾರು,” ಎಂದಳು ನಾಗವೇಣಿ. ಅವರೆಲ್ಲ ನಗುತ್ತ ಬಸ್ಸಿನ ಕಡೆ ಹೋದರು.

“ಅವತ್ತು ನಿನ್ನ ಕೈ ತಾಗಿರಲಿಲ್ಲ ಕಣಮ್ಮ,” ಎಂದ ರೆಫ್ರಿ. “ಈಗ ವಿಡಿಯೋದಲ್ಲಿ ನೋಡಿದೆ.”

“ನಂಗೊತ್ತು ಸಾರ್,” ಎಂದಳು. “ನಿಮಗೂ ಅವತ್ತೇ ಗೊತ್ತಿತ್ತು. ಸೀಟಿ ಊದಿದ್ಮೇಲೆ ನೀವು ನನ್ನ ಕಡೆ ನೋಡ್ಲೇ ಇಲ್ಲ. ಅವರ ಮೇಷ್ಟ್ರ ಕಡೆ ನೋಡಿದ್ರಿ.”

“ಮತ್ತೆ ಯಾಕಮ್ಮ ಕೈ ಎತ್ತಿದೆ?”

“ಎತ್ತಬೇಕಲ್ಲ ಸಾರ್. ಎತ್ತಲಿಲ್ಲ ಅಂದ್ರೆ ತಂಡದ ಮೇಲೆ ಇನ್ನೊಂದು ಫೌಲ್ ಕೊಡ್ತೀರಿ.”

ನನ್ನಿಂದ ಏನಾದರೂ ಆಗಬೇಕೇ ಎಂದು ಅವನು ಕೇಳಿದ. ಹಾಸ್ಟೆಲಿನವರಿಗೆ ಪತ್ರ ಬರೆಯುತ್ತೇನೆ, ತಪ್ಪು ನನ್ನದೆಂದು ಬರೆಯುತ್ತೇನೆ ಎಂದ. ಅಲ್ಲಿ ಇದ್ದದ್ದು ಒಂದೇ ಜಾಗ. ಅದರಲ್ಲಿ ಅವಳ ಬದಲಿಗೆ ಇಳಿದ ಗೆಳತಿ ಓದುತ್ತಿದ್ದಳು.

“ಬೇಡ ಸಾರ್,” ಎಂದಳು. ಅಷ್ಟರಲ್ಲಿ ಬಸ್ಸಿನವನು ಹಾರ್ನ್ ಹೊಡೆದ. ಅವಳು ಓಡಿ ಹತ್ತಿಕೊಂಡಳು.

ರೆಫ್ರಿ ಊರಿಗೆ ವಾಪಸು ಬರುವ ದಾರಿಯುದ್ದಕ್ಕೂ ಅತ್ತ. ಸುಳ್ಳು ಅಳುವಲ್ಲ. ಈ ಹುಡುಗಿಗೆ, ಈ ಶಾಲೆಗೆ ನಾನು ಮಾಡಿದ್ದನ್ನು ಹೇಗಾದರೂ ಸರಿಪಡಿಸದೆ ಬಿಡುವುದಿಲ್ಲ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಅಂಕಣಕ್ಕೆ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಚೆಂಡು ಪುಟಿಸತೊಡಗಿದ್ದರು. ಶಿಷ್ಯೆ ಅವರ ಕಡೆ ನೋಡಿದಳು, ಮತ್ತೆ ಗುರುಗಳ ಕಡೆ ತಿರುಗಿದಳು.

“ಸರಿಪಡಿಸಿದನೇ ಮೇಷ್ಟ್ರೇ?”

“ಸರಿಪಡಿಸಿದ,” ಎಂದರು ಗುರುಗಳು. “ಮರುವರ್ಷ ಹಳ್ಳಿಯ ಶಾಲೆ ಫೈನಲಿಗೆ ಬಂದಾಗ, ಯಾರನ್ನೂ ಮುಟ್ಟದೆ ನಿಂತಿದ್ದ ಎದುರು ತಂಡದ ಒಬ್ಬ ಹುಡುಗಿಯ ಮೇಲೆ ಸೀಟಿ ಊದಿದ.”