ಹಳೇ ತೋಪಿಗೆ ನರಿ ಕಟ್ಟಿದ ಬೆಲೆ

ಒಂದು ಕಾಡಿನಲ್ಲಿ, ಪ್ರಾಣಿಗಳ ಪೇಟೆಯ ನಟ್ಟನಡುವೆ, ಒಂದು ಹಳೇ ತೋಪಿತ್ತು. ಮುತ್ತಜ್ಜನ ಕಾಲದ ಆನೆಗಳು ಅದನ್ನು ಊರಿಗೆಲ್ಲ ಇರಲಿ ಎಂದು ನೆಟ್ಟು ಹೋಗಿದ್ದವು. ಅಲ್ಲಿ ಮೊಲದ ಮರಿಗಳು ಆಡುತ್ತಿದ್ದವು. ಮುದಿ ಕೋತಿಗಳು ಕಲ್ಲುಬೆಂಚಿನ ಮೇಲೆ ಕೂತು ಊರ ಸುದ್ದಿಯನ್ನೆಲ್ಲ ಹರಟುತ್ತಿದ್ದವು. ತೋಪನ್ನು ನೋಡಿಕೊಳ್ಳುತ್ತಿದ್ದವಳು ಕಲ್ಲಜ್ಜಿ ಎಂಬ ಆಮೆ. ಅವಳಿಗೆ ಅದೇ ಮನೆ, ಅದೇ ಮಕ್ಕಳುಮರಿ.

ಜಾಣಪ್ಪ ಎಂಬ ನರಿಗೆ ಆ ಜಾಗದ ಮೇಲೆ ಕಣ್ಣು ಬಿತ್ತು. ಮರ ಕಡಿದು ಸಾಲಾಗಿ ಗವಿ ತೋಡಿದರೆ ನೆಂಟರನ್ನೆಲ್ಲ ತಂದು ತುಂಬಬಹುದಲ್ಲ ಎಂದುಕೊಂಡ. ಊರ ಹಿರಿಯ ಆನೆಗೌಡರ ಬಳಿ ಹೋಗಿ, ಈ ಹಳೇ ತೋಪಿಗೆ ಬೆಲೆ ಇದೆಯೋ ಇಲ್ಲವೋ ಒಮ್ಮೆ ನೋಡಿಯೇಬಿಡೋಣ ಎಂದು ಬೆಣ್ಣೆ ಹಚ್ಚಿದ. ಗೌಡರು ಆ ಕೆಲಸವನ್ನು ಅವನಿಗೇ ಒಪ್ಪಿಸಿಬಿಟ್ಟರು!

ನರಿ ಮೂರು ದಿನ ತೋಪಿನ ದೊಡ್ಡ ಆಲದ ನೆರಳಲ್ಲಿ ಕಾಲು ಚಾಚಿ ಕೂತು ಎಲೆಗಳ ಮೇಲೆ ಪಟ್ಟಿ ಬರೆದ. ಹೊಂಗೆ: ಕಾಯಿ ಕಹಿ, ಸೊನ್ನೆ. ಕೊಳ: ಬರೀ ಕಪ್ಪೆ, ಸೊನ್ನೆ. ಕಲ್ಲುಬೆಂಚು: ಅಗಿಯಲಾಗದು, ಸೊನ್ನೆ. ತೋಪಿಗೆ ಹುಲ್ಲುಕಡ್ಡಿಯ ಬೆಲೆಯೂ ಇಲ್ಲ ಎಂದು ಊರೆಲ್ಲ ಹೇಳಿಕೊಂಡೂ ಬಂದ. ಅದನ್ನು ಕೇಳಿ ಕಲ್ಲಜ್ಜಿಗೆ ಊಟ ಸೇರಲಿಲ್ಲ. ಆದರೂ ಅವಳು ಒಂದು ವಿಷಯ ಗಮನಿಸಿದ್ದಳು. ಬಿಸಿಲು ಸರಿದಂತೆಲ್ಲ ನರಿಯೂ ನೆರಳಿನ ಜೊತೆ ಸರಿಯುತ್ತಿದ್ದ.

ಊರಿನ ಸಭೆ ಯಾವಾಗಲೂ ಆ ಆಲದ ಕೆಳಗೇ ಸೇರುತ್ತಿತ್ತು. ನಾಲ್ಕನೆಯ ದಿನ ನಡುಮಧ್ಯಾಹ್ನ ಎಲ್ಲರೂ ಬಂದಾಗ ಕಲ್ಲಜ್ಜಿ ಮೆಲ್ಲಗೆ ಹೇಳಿದಳು: "ಗೌಡ್ರೇ, ಬೆಲೆಯಿಲ್ಲದ ಜಾಗದಲ್ಲಿ ಸಭೆ ಯಾಕೆ? ಅಗೋ, ಆ ಬೋಳುಬಂಡೆ ಮೇಲೆ ಕೂತು ಕೇಳೋಣ."

ಅದಕ್ಕೇನಂತೆ ಎಂದು ನರಿ ಎಲ್ಲರಿಗಿಂತ ಮೊದಲು ಬಂಡೆ ಏರಿದ. ಬೇಸಿಗೆಯ ಬಂಡೆ ಕಾದ ಹೆಂಚಿನಂತಿತ್ತು. ಪಟ್ಟಿಯ ಮೊದಲ ಸೊನ್ನೆ ಓದುವಾಗ ಅವನು ಮುಂಗಾಲು ಎತ್ತಿದ. ಎರಡನೆಯದಕ್ಕೆ ಹಿಂಗಾಲು. ಮೂರನೆಯದನ್ನು ಓದಲೇ ಇಲ್ಲ, ಪಟ್ಟಿ ಎಸೆದು ಓಟ ಕಿತ್ತ. ನಿಂತದ್ದು ಆಲದ ಬುಡದಲ್ಲೇ. ಮಿಕ್ಕವರೂ ಕುಣಿಯುತ್ತ ಹಿಂದೆಯೇ ಓಡಿಬಂದರು. ನಿಧಾನಕ್ಕೆ ಕೊನೆಗೆ ಬಂದವಳು ಕಲ್ಲಜ್ಜಿ.

"ಜಾಣಪ್ಪ, ಈ ನೆರಳಿಗೆ ಎಷ್ಟು ಬರೆದಿದ್ದೀಯಪ್ಪ?" ಎಂದು ಕೇಳಿದಳು.

ಕೋತಿಗಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಗೌಡರಿಗೆ ತಮ್ಮ ಮೇಲೇ ನಾಚಿಕೆಯಾಯಿತು. ತೋಪಿನ ಒಂದು ಎಲೆಯನ್ನೂ ಯಾರೂ ಮುಟ್ಟಕೂಡದು, ಬೇಸಿಗೆ ಮುಗಿಯುವವರೆಗೆ ಮರಗಳಿಗೆಲ್ಲ ನರಿಯೇ ನೀರು ಹೊರಬೇಕು ಎಂದು ತೀರ್ಪು ಕೊಟ್ಟರು. ಕಲ್ಲಜ್ಜಿ ಅಂದು ಹೊಟ್ಟೆ ತುಂಬ ಉಂಡಳು. ನರಿಯ ಮೊದಲ ಕೊಡ ನೀರನ್ನು ಅವಳು ಹೊಂಗೆಯ ಬುಡಕ್ಕೇ ಹಾಕಿಸಿದಳು.

ನೀತಿ: ಹಿರಿಯರು ಎಲ್ಲರಿಗಾಗಿ ಬೆಳೆಸಿದ ತೋಪಿನ ಬೆಲೆ ಯಾವ ಪಟ್ಟಿಗೂ ಸಿಗುವುದಿಲ್ಲ, ಅದರ ನೆರಳಲ್ಲಿ ಕೂತವರೇ ಅದನ್ನು ಉಳಿಸಿಕೊಳ್ಳಬೇಕು.